ಅಕ್ಕನ ಲ್ಯಾಟಿನ್

ಜನವರಿ 9

ಪುಟ್ಟಾ,

ಅರವತ್ತು ದಾಟಿದ ಮೇಷ್ಟ್ರನ್ನು ಇನ್ನೂ ಪುಟ್ಟ ಅನ್ನುತ್ತಾಳಲ್ಲ ಎಂದು ಮೂಗು ಮುರಿಯಬೇಡ. ಹಾಗೆ ಕರೆಯುವವರು ನನ್ನನ್ನು ಬಿಟ್ಟು ಈಗ ಯಾರೂ ಉಳಿದಿಲ್ಲ. ಆದ್ದರಿಂದ ತೆಪ್ಪಗೆ ಓದು.

ನನಗೆ ಲ್ಯಾಟಿನ್ ಕಲಿಸು. ತಮಾಷೆ ಅಲ್ಲ ಕಣೋ. ಹೊಲಿಗೆ ಅಂಗಡಿಯಲ್ಲಿ ಈಗ ಕೆಲಸ ಕಡಿಮೆ ಮಾಡಿದ್ದೇನೆ. ಕೋಟಿನ ಕೆಲಸ ಒಪ್ಪಿಕೊಳ್ಳುತ್ತಿಲ್ಲ, ಬರೀ ಪರದೆ, ದಿಂಬಿನ ಚೀಲ, ನೇರ ಹೊಲಿಗೆ ಅಷ್ಟೇ. ಮಧ್ಯಾಹ್ನವೆಲ್ಲ ಖಾಲಿ. ಖಾಲಿ ಕೂತರೆ ನನ್ನ ತಲೆಗೆ ಬೇಡದ್ದೆಲ್ಲ ಬರುತ್ತದೆ.

ನೆನಪಿದೆಯಾ, ಅಪ್ಪ ಔಷಧಿ ಅಂಗಡಿ ಮುಚ್ಚಿ ಮೇಲೆ ಬಂದು, ಊಟದ ಮೇಜು ಒರೆಸಿ, ಲ್ಯಾಟಿನ್ ಪಾಠಕ್ಕೆ ನಿನ್ನನ್ನು ಎದುರು ಕೂರಿಸಿಕೊಳ್ಳುತ್ತಿದ್ದರು. ಅದೇ ಮೇಜಿನ ತುದಿಯಲ್ಲಿ ನಾನು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದೆ. ನೀನು ರಾಗವಾಗಿ ಪುಯೆಲ್ಲ, ಪುಯೆಲ್ಲಮ್ ಅನ್ನುತ್ತಿದ್ದೆ, ಕಾಲು ಮಾತ್ರ ಮೇಜಿನ ಕೆಳಗೆ ನನ್ನನ್ನು ಒದೆಯುತ್ತಿತ್ತು. ನೀನು ಕಲಿಯಬೇಡ ಎಂದು ನನಗೆ ಯಾರೂ ಹೇಳಲಿಲ್ಲ. ಕಲಿ ಎಂದೂ ಯಾರೂ ಹೇಳಲಿಲ್ಲ. ರಾಗ ಮಾತ್ರ ತಲೆಯಲ್ಲಿ ಉಳಿದಿದೆ, ಅರ್ಥ ಒಂದೂ ಗೊತ್ತಿಲ್ಲ. ಸಾಯುವ ಮೊದಲು ಆ ಮೇಜಿನ ಮೇಲೆ ನಡೆಯುತ್ತಿದ್ದದ್ದು ಏನು ಎಂದು ತಿಳಿಯಬೇಕು ಅನ್ನಿಸಿದೆ.

ಒಂದೇ ಕೋರಿಕೆ. ದೊಡ್ಡದಾಗಿ ಬರೆ. ನಿನ್ನ ಆ ಇರುವೆ ಸಾಲು ಬೇಡ.

ಅಕ್ಕ


ಜನವರಿ 17

ಅಕ್ಕಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ನೀನು ನಿಜಕ್ಕೂ ಕೇಳುತ್ತಿದ್ದೀಯ ಎಂದು ಗೊತ್ತಾಯಿತು. ಸರಿ. ಆದರೆ ನನ್ನ ಹತ್ತಿರ ಅಕ್ಕ ತಂಗಿ ಎಂಬ ರಿಯಾಯಿತಿ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ಇರುವ ನಿಯಮವೇ ನಿನಗೂ. ಮನೆಪಾಠ ಒಂದು ಹಾಳೆಯಲ್ಲಿ, ಮನೆ ಮಾತು ಇನ್ನೊಂದು ಹಾಳೆಯಲ್ಲಿ. ಎಡಗಡೆ ಅಂಚು ಬಿಡು. ನಾನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಅದೇ ಹಾಳೆಯನ್ನು ವಾಪಸು ಕಳಿಸುತ್ತೇನೆ. ತಿದ್ದಿದ್ದನ್ನು ನೋಡಿ ಮುಖ ಊದಿಸಿಕೊಳ್ಳುವ ಹಾಗಿಲ್ಲ.

ಮೊದಲ ಪಾಠ, ನಾಮಪದ. ಹೆದರಬೇಡ, ನಿನಗೆ ಅರ್ಧ ಆಗಲೇ ಬರುತ್ತದೆ. ನಾವು ಹುಡುಗಿ, ಹುಡುಗಿಯನ್ನು, ಹುಡುಗಿಗೆ, ಹುಡುಗಿಯ ಎಂದು ಪದದ ಬಾಲ ಬದಲಿಸುವುದಿಲ್ಲವೇ? ಅವರೂ ಅಷ್ಟೇ. ಪುಯೆಲ್ಲ ಎಂದರೆ ಹುಡುಗಿ. ಪುಯೆಲ್ಲಮ್, ಹುಡುಗಿಯನ್ನು. ಪುಯೆಲ್ಲೈ, ಹುಡುಗಿಯ, ಹುಡುಗಿಗೆ ಎನ್ನುವುದಕ್ಕೂ ಅದೇ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ನಮ್ಮ ಹಾಗೆಯೇ. ಪರದೇಶದ ಭಾಷೆ ಎಂದು ಗಾಬರಿಯಾಗುವ ಬದಲು ದೂರದ ನೆಂಟರು ಎಂದುಕೋ.

ದೊಡ್ಡದಾಗಿಯೇ ಬರೆದಿದ್ದೇನೆ. ಕಾಗದ ದಂಡ.

ತಮ್ಮ


ಫೆಬ್ರುವರಿ 2

ಮೇಷ್ಟ್ರೇ,

ಮನೆಪಾಠ ಬೇರೆ ಹಾಳೆಯಲ್ಲಿದೆ, ಅಂಚು ಬಿಟ್ಟಿದ್ದೇನೆ, ಶಿಸ್ತಿನ ವಿದ್ಯಾರ್ಥಿನಿ. ಇದು ಮನೆ ಮಾತು.

ನಿನ್ನ ದೂರದ ನೆಂಟರು ಸ್ವಲ್ಪ ಸೋಮಾರಿಗಳು ಕಣೋ. ಹುಡುಗಿಯ ಎನ್ನುವುದಕ್ಕೂ ಹುಡುಗಿಗೆ ಎನ್ನುವುದಕ್ಕೂ ಒಂದೇ ಬಾಲವಾ? ನನ್ನ ಅಂಗಡಿಯಲ್ಲಿ ಹಾಗೆ ಚೀಟಿ ಬರೆದರೆ ಗತಿ ಏನು? ಕೋಟು ಅವಳದ್ದೋ, ಅವಳಿಗೆ ಯಾರಾದರೂ ಹೊಲಿಸಿದ್ದೋ? ಅಂಗಡಿ ಮುಚ್ಚಿ ಮನೆಗೆ ಹೋಗಬೇಕಷ್ಟೇ.

ಎದುರು ಬೇಕರಿಯವಳು ನಿನಗೆ ಗೊತ್ತಿಲ್ಲ. ಬಾಯಿ ಜೋರು, ಮನಸ್ಸು ಬೆಣ್ಣೆ. ಮಧ್ಯಾಹ್ನ ಒಲೆ ಆರಿಸಿ ಇಲ್ಲಿಗೆ ಬಂದು ಕೂರುತ್ತಾಳೆ. ನಿನ್ನ ಪಾಠವನ್ನು ಅವಳ ಕೈಯಲ್ಲಿ ಓದಿಸುತ್ತೇನೆ, ನಾನು ಕೇಳಿಸಿಕೊಂಡು ಹೇಳುತ್ತೇನೆ. ಕಿವಿಯಿಂದ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ ಅಂತ. ಅವಳು ಓದುವುದನ್ನು ನೀನು ಕೇಳಬೇಕಿತ್ತು, ಬಿಸಿ ತಟ್ಟೆ ಹಿಡಿದವಳ ಹಾಗೆ ಒಂದೊಂದು ಪದವನ್ನೂ ಕೈಬಿಡುತ್ತಾಳೆ. “ಏನಕ್ಕಾ ಇದು, ಯಾರಿಗೋ ಮಾಟ ಮಾಡ್ಸೋ ಹಾಗಿದೆ” ಅಂದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಮೊನ್ನೆ ಕಿಟಕಿಯ ಹತ್ತಿರ ಕೂತು ಪುಯೆಲ್ಲ, ಪುಯೆಲ್ಲಮ್ ಅಂದುಕೊಳ್ಳುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಕೆಳಗಿನ ಅಂಗಡಿಯ ವಾಸನೆ ಬಂತು, ಕರ್ಪೂರ, ಸ್ಪಿರಿಟ್ಟು, ಒಣಗಿದ ಬೇರು. ಅಪ್ಪನ ಅಂಗಿಯ ತೋಳಿನಿಂದ ಬರುತ್ತಿದ್ದ ವಾಸನೆ. ಅವರ ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲು ಸಹಿತ ಕಣ್ಣಿಗೆ ಕಟ್ಟಿತು. ಹಳೆಯದು ಎಷ್ಟು ಚೆನ್ನಾಗಿ ಕಾಣುತ್ತದೆ ನೋಡು!

ಅಕ್ಕ


ಫೆಬ್ರುವರಿ 14

ಅಕ್ಕಾ,

ಹತ್ತಕ್ಕೆ ಎಂಟು. ನನ್ನ ತರಗತಿಯಲ್ಲಿ ಮೊದಲ ತಿಂಗಳಲ್ಲಿ ಎಂಟು ತೆಗೆದವರು ಕಡಿಮೆ. ಉಬ್ಬಬೇಡ. ನಿನ್ನ ಅಕ್ಷರ ಮಾತ್ರ ಸಾಲು ಬಿಟ್ಟು ಗುಡ್ಡ ಹತ್ತುತ್ತಿದೆ. ಬಟ್ಟೆಯ ಮೇಲೆ ಕಣ್ಣಳತೆಯಲ್ಲೇ ನೇರ ಗೆರೆ ಎಳೆಯುತ್ತಿದ್ದವಳು ಕಾಗದದ ಮೇಲೆ ಏಕೆ ಹೀಗೆ? ಅವಸರ ಮಾಡಬೇಡ.

ಈ ಸಲ ಕ್ರಿಯಾಪದ. ಅಮೋ, ಪ್ರೀತಿಸುತ್ತೇನೆ. ಅಮಾಸ್, ಪ್ರೀತಿಸುತ್ತೀಯ. ಅಮತ್, ಪ್ರೀತಿಸುತ್ತಾನೆ, ಪ್ರೀತಿಸುತ್ತಾಳೆ ಎನ್ನುವುದಕ್ಕೂ ಅದೇ. ನಾನು, ನೀನು ಎಂದು ಬೇರೆ ಹೇಳಬೇಕಾಗಿಲ್ಲ, ಬಾಲವೇ ಹೇಳುತ್ತದೆ. ನಾವೂ ‘ಬಂದೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ವಿದೆತ್, ತಿಮೆತ್ ಮುಂತಾದವು ಇನ್ನೊಂದು ಗುಂಪು, ಅವುಗಳ ಪಟ್ಟಿ ಹಿಂದಿನ ಪುಟದಲ್ಲಿದೆ. ಅಪ್ಪನ ಹಳೆಯ ನಿಘಂಟು ನಿನ್ನ ಹತ್ತಿರವೇ ಇದೆಯಲ್ಲ, ಪದ ಅಲ್ಲಿ ಹುಡುಕಿಕೋ. ಇನ್ನು ಮೇಲೆ ವಾಕ್ಯಗಳನ್ನು ನಾನು ಕೊಡುವುದಿಲ್ಲ, ನೀನೇ ಕಟ್ಟಿ ಕಳಿಸು, ಪಕ್ಕದಲ್ಲಿ ಕನ್ನಡ ಅರ್ಥವಿರಲಿ.

ಮೇಜಿನ ಮಾತು ಬರೆದೆಯಲ್ಲ. ನನಗೆ ನೆನಪಿರುವುದು ಬೇರೆ. ನಾನು ತಪ್ಪು ಹೇಳಿದಾಗ ಅಪ್ಪ ಸುಮ್ಮನೆ ಕಾಯುತ್ತಿದ್ದರು. ಆ ಮೌನ ತಡೆಯಲಾಗದೆ ನಿನ್ನ ಕಡೆ ನೋಡುತ್ತಿದ್ದೆ. ನೀನು ತಲೆ ಎತ್ತದೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸುತ್ತಿದ್ದೆ. ಆ ಟಕ್ ಎಂಬ ಸದ್ದು ಕೇಳಿದರೆ ಯಾಕೋ ಧೈರ್ಯ ಬರುತ್ತಿತ್ತು. ಹಾಸ್ಟೆಲಿಗೆ ಹೋದ ಮೇಲೆ ಪಾಠದ ಹೊತ್ತಿನಲ್ಲಿ ಆ ಸದ್ದಿಲ್ಲದೆ ಬಹಳ ದಿನ ಕಷ್ಟಪಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಪಾಠ ಬರೆಯುತ್ತ ಬರೆಯುತ್ತ ಬಂತು.

ತಮ್ಮ


ಮಾರ್ಚ್ 3

ಪುಟ್ಟಾ,

ಈ ಸಲ ಮನೆ ಮಾತು ಏನೂ ಇಲ್ಲ. ಎಲ್ಲ ಮನೆಪಾಠದಲ್ಲೇ ಇದೆ. ನಿಧಾನವಾಗಿ ಓದು.

ಅಕ್ಕ

ಮನೆಪಾಠ

ಪುಯೆಲ್ಲ ರೊಸಮ್ ಪೋರ್ತತ್. ಹುಡುಗಿ ಗುಲಾಬಿಯನ್ನು ಒಯ್ಯುತ್ತಾಳೆ.
ಫೇಮಿನ ಅಕಮ್ ನೋನ್ ವಿದೆತ್. ಹೆಂಗಸಿಗೆ ಸೂಜಿ ಕಾಣುವುದಿಲ್ಲ.
ಮೆದಿಕುಸ್ ಒಕುಲುಮ್ ಸ್ಪೆಕ್ತತ್. ವೈದ್ಯ ಕಣ್ಣನ್ನು ನೋಡುತ್ತಾನೆ.
ಫೇಮಿನ ತಿಮತ್. ಹೆಂಗಸು ಹೆದರುತ್ತಾಳೆ.
ಫ್ರಾತೆರ್ ಪ್ರೊಕುಲ್ ಹಬಿತತ್. ತಮ್ಮ ದೂರ ವಾಸಿಸುತ್ತಾನೆ.
ಫೇಮಿನ ಫ್ರಾತ್ರೆಮ್ ವೊಕತ್. ಹೆಂಗಸು ತಮ್ಮನನ್ನು ಕರೆಯುತ್ತಾಳೆ.


ಮಾರ್ಚ್ 11

ಅಕ್ಕಾ,

ಭೇಷ್! ಹಾಳೆ ತಿದ್ದಿ ಜೊತೆಗಿಟ್ಟಿದ್ದೇನೆ. ಎರಡೇ ತಪ್ಪು. ಅಕಮ್ ಅಲ್ಲ, ಅಕುಮ್. ಈ ಸೂಜಿ ಬೇರೆ ಗುಂಪಿನ ಪದ, ಇನ್ನೂ ಕಲಿಸಿಲ್ಲ, ಆದ್ದರಿಂದ ಅಂಕ ಕಳೆದಿಲ್ಲ. ತಿಮತ್ ಅಲ್ಲ, ತಿಮೆತ್. ಇದನ್ನು ಕಲಿಸಿದ್ದೆ, ಆದ್ದರಿಂದ ಕಳೆದಿದ್ದೇನೆ. ಫ್ರಾತ್ರೆಮ್ ಎಂಬ ರೂಪವನ್ನು ನಿಘಂಟಿನಿಂದ ನೀನೇ ಹೆಕ್ಕಿ ತೆಗೆದದ್ದು ನೋಡಿ ಖುಷಿಯಾಯಿತು. ಅಪ್ಪ ಇದ್ದಿದ್ದರೆ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಒಂದು ಸಲಹೆ. ವಾಕ್ಯಗಳು ಸ್ವಲ್ಪ ಗೋಳಿನವು. ಹೆಂಗಸು ಏಕೆ ಹೆದರುತ್ತಾಳೆ? ಕಾರಣ ಹೇಳುವ ಒಂದು ಪದ ಸೇರಿಸಿದ್ದರೆ ವಾಕ್ಯ ತುಂಬಿಕೊಳ್ಳುತ್ತಿತ್ತು. ಮುಂದಿನ ಸಲ ಹಡಗು, ಕಾಡು, ರೈತ, ಹಬ್ಬ ಏನಾದರೂ ಹಾಕು.

ತಮ್ಮ


ಏಪ್ರಿಲ್ 6

ಅಕ್ಕಾ,

ತಿಂಗಳು ಕಳೆಯುತ್ತ ಬಂತು, ನಿನ್ನಿಂದ ಮಾತಿಲ್ಲ. ಬಹುವಚನದ ಪಾಠ ಕಳಿಸಿದ್ದೆ, ತಲುಪಿತಾ? ಕಷ್ಟವಾಯಿತು ಎಂದು ಕೈಬಿಟ್ಟೆಯಾ? ಎಲ್ಲರೂ ಬಹುವಚನದ ಹತ್ತಿರವೇ ಕೈ ಚೆಲ್ಲುತ್ತಾರೆ. ನೀನು ಹಾಗಲ್ಲ ಎಂದುಕೊಂಡಿದ್ದೆ.

ಅಥವಾ ಒಂದು ಅಂಕ ಕಳೆದದ್ದಕ್ಕೆ ಕೋಪವಾ? ಬೇಕಾದರೆ ಕೊಡುತ್ತೇನೆ ಮಾರಾಯ್ತಿ, ಬರೆ. ಮಧ್ಯಾಹ್ನ ಅಂಚೆಯವನು ಬಂದಾಗ ಮೆಟ್ಟಿಲಿಳಿದು ಹೋಗಿ ಬರಿಗೈಯಲ್ಲಿ ವಾಪಸು ಬರುತ್ತಿದ್ದೇನೆ. ಅವನು ಈಗ ನನ್ನನ್ನು ನೋಡಿ ದೂರದಿಂದಲೇ ತಲೆ ಆಡಿಸುತ್ತಾನೆ.

ತಮ್ಮ


ಏಪ್ರಿಲ್ 19

ಪುಟ್ಟಾ,

ಅಕ್ಷರ ನೋಡಿ ಗಾಬರಿಯಾಗಬೇಡ. ಇದು ಎದುರು ಬೇಕರಿಯವಳ ಕೈ. ಹೇಳುತ್ತಿರುವುದು ನಾನು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ಹೆಂಗಸು ಏಕೆ ಹೆದರುತ್ತಾಳೆ ಎಂದು ಕೇಳಿದೆಯಲ್ಲ. ಆ ಹೆಂಗಸು ನಾನೇ ಕಣೋ! ನಿನಗೆ ಇನ್ನೆಷ್ಟು ದೊಡ್ಡದಾಗಿ ಬರೆಯಬೇಕಿತ್ತು? ಬಲಗಣ್ಣು ಹೋದ ವರ್ಷವೇ ಮಂಜಾಗಿತ್ತು, ಈಗ ಅದರಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಎಡಗಣ್ಣೂ ಅದೇ ದಾರಿ ಹಿಡಿದಿದೆ. ಮೇ ತಿಂಗಳ ಮೊದಲ ಸೋಮವಾರ ಶಸ್ತ್ರಚಿಕಿತ್ಸೆ. ಉಳಿಯಬಹುದು, ಉಳಿಯದೆಯೂ ಇರಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ನಾನು ಸೂಜಿಗೆ ದಾರ ಪೋಣಿಸಿ ಎಷ್ಟೋ ಕಾಲವಾಯಿತು. ಕೋಟಿನ ಕೆಲಸ ಬಿಟ್ಟದ್ದು ಅದಕ್ಕೇ. ನಿನ್ನ ಪಾಠವನ್ನು ಇವಳ ಕೈಯಲ್ಲಿ ಓದಿಸಿದ್ದೂ ಅದಕ್ಕೇ.

ನೇರವಾಗಿ ಏಕೆ ಬರೆಯಲಿಲ್ಲ ಅನ್ನುತ್ತೀಯ. ಕನ್ನಡದಲ್ಲಿ ಬರೆಯಲು ಕೂತೆ. ‘ನನಗೆ ಭಯವಾಗುತ್ತಿದೆ’ ಎಂದು ಬರೆದು ನೋಡಿದೆ. ಅಳು ಬಂತು, ಹರಿದು ಹಾಕಿದೆ. ಲ್ಯಾಟಿನ್ನಿನಲ್ಲಿ ಅದೇ ಮಾತು ಯಾರದೋ ಅನ್ನುವ ಹಾಗೆ ಸಲೀಸಾಗಿ ಬಂತು. ಇವನು ಮೇಷ್ಟ್ರು, ನೋಡಿದ ಕೂಡಲೇ ತಿಳಿದುಕೊಳ್ಳುತ್ತಾನೆ, ಓಡಿ ಬರುತ್ತಾನೆ ಎಂದುಕೊಂಡೆ. ದಿನಾ ಬಾಗಿಲ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ. ಬಂದದ್ದು ಕೆಂಪು ಪೆನ್ಸಿಲು. ಇವಳು ಓದಿ ಹೇಳಿದಳು, “ತಿಮತ್ ಅಲ್ಲವಂತೆ ಅಕ್ಕಾ, ತಿಮೆತ್ ಅಂತೆ.”

ನೀನು ಹಾಸ್ಟೆಲಿನಿಂದ ಬರೆದ ಮೊದಲ ಪತ್ರ ನನಗೆ ಮರೆತಿಲ್ಲ. ‘ಅಪ್ಪಾ, ನನಗೆ ಇಲ್ಲಿ ಇರಲು ಆಗುವುದಿಲ್ಲ, ಕರೆದುಕೊಂಡು ಹೋಗಿ’ ಎಂದು ಬರೆದಿದ್ದೆ. ಅಪ್ಪ ಅದರಲ್ಲಿನ ಕಾಗುಣಿತ ತಿದ್ದಿ ನಿನಗೇ ವಾಪಸು ಕಳಿಸಿದರು. ರಜೆಗೆ ಬಂದಾಗ ಅದನ್ನು ನನಗೆ ತೋರಿಸಿ ನನ್ನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಿದ್ದೆ. ಅಂಥವನು ನನಗೆ ಅದನ್ನೇ ಮಾಡಿದೆಯಲ್ಲೋ.

(ಅಕ್ಕ ಅಳುತ್ತಿದ್ದಾರೆ. ಇದನ್ನು ಬರೆಯಬೇಡ ಅಂದರು. ನಾನು ಬರೆಯುತ್ತಿದ್ದೇನೆ. ಆಣೆ ಅಂದರೆ ಆಣೆ. ಬೇಕರಿಯವಳು.)

ನಿನ್ನ ಭಾವ ತೀರಿಕೊಂಡಾಗಲೂ ಬಂದ ಸಂಜೆಯೇ ಹೊರಟುಬಿಟ್ಟೆ. ಪರೀಕ್ಷೆ ಇದೆ ಅಂದೆ. ನಿನಗೆ ಯಾವಾಗಲೂ ಒಂದು ಪರೀಕ್ಷೆ ಇರುತ್ತದೆ. ಈ ಸಲವೂ ಇದ್ದರೆ ಈಗಲೇ ಹೇಳಿಬಿಡು. ಬಾಗಿಲ ಕಡೆ ಕಿವಿ ಕೊಟ್ಟು ಕೂರುವುದನ್ನಾದರೂ ಬಿಡುತ್ತೇನೆ.

ಅಕ್ಕ


ಏಪ್ರಿಲ್ 24

ಅಕ್ಕಾ,

ಪತ್ರವನ್ನು ಅಂಚೆಯವನ ಎದುರಿಗೇ ಒಡೆದು ಓದಿದೆ. ಮೆಟ್ಟಿಲ ಮೇಲೇ ಕೂತುಬಿಟ್ಟೆ. ಅಂಚೆಯವನು ನೀರು ತಂದುಕೊಟ್ಟ.

ನನ್ನನ್ನು ಸಮರ್ಥಿಸಿಕೊಳ್ಳುವುದಿಲ್ಲ. ಹೇಗಾಯಿತು ಎಂದಷ್ಟೇ ಹೇಳುತ್ತೇನೆ. ನನ್ನ ಜೀವಮಾನವೆಲ್ಲ ಇಂಥ ವಾಕ್ಯಗಳ ನಡುವೆಯೇ ಕಳೆಯಿತು. ರೈತ ಹುಡುಗಿಯನ್ನು ಪ್ರೀತಿಸುತ್ತಾನೆ, ನಾವಿಕ ಅಲೆಗೆ ಹೆದರುತ್ತಾನೆ, ರಾಣಿ ಅಳುತ್ತಾಳೆ. ಒಬ್ಬರೂ ನಿಜವಾಗಿ ಪ್ರೀತಿಸಲಿಲ್ಲ, ಒಬ್ಬರೂ ನಿಜವಾಗಿ ಅಳಲಿಲ್ಲ. ಯಾರ ಕಣ್ಣೀರನ್ನೂ ನೋಡದೆ ಬಾಲ ಮಾತ್ರ ನೋಡಿ ನೋಡಿ ಕಣ್ಣು ಅದಕ್ಕೇ ಒಗ್ಗಿಹೋಗಿದೆ. ಯಾರಾದರೂ ನಿಜವಾದ ಮಾತನ್ನು ಅದರಲ್ಲಿ ಹೇಳಬಹುದು ಎಂಬುದೇ ನನಗೆ ಹೊಳೆಯಲಿಲ್ಲ. ಅದೂ ನೀನು. ಆ ಹಾಳೆಯ ಮೇಲೆ ಕೆಂಪು ಗೀಟು ಎಳೆದ ಕೈಯನ್ನು ಈಗ ನೋಡಲೂ ಮನಸ್ಸಾಗುತ್ತಿಲ್ಲ.

ಅಪ್ಪನಂತೆ ಆಗಬಾರದು ಎಂದುಕೊಂಡೇ ಬೆಳೆದವನು ನಾನು. ಆಗಿದ್ದೇನೆ ಎಂದು ಹೇಳಲು ನೀನೇ ಬೇಕಾಯಿತು.

ಇನ್ನೊಂದು ಮಾತು. ನನ್ನ ವಿದ್ಯಾರ್ಥಿಗಳು ಎಂದು ಬರೆಯುತ್ತಿದ್ದೆನಲ್ಲ, ಯಾರೂ ಇಲ್ಲ ಅಕ್ಕ. ಶಾಲೆಯಲ್ಲಿ ಲ್ಯಾಟಿನ್ ನಿಲ್ಲಿಸಿ ಬಹಳ ಕಾಲವಾಯಿತು. ಮನೆಗೆ ಬರುತ್ತಿದ್ದವರೂ ಬಿಟ್ಟರು. ಇದ್ದವಳು ನೀನೊಬ್ಬಳೇ. ನಿನ್ನ ಹಾಳೆ ಬಂದ ದಿನ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಿದ್ದಲು ಕೂರುತ್ತಿದ್ದೆ. ಪರೀಕ್ಷೆ ಯಾವುದೂ ಇಲ್ಲ.

ಭಾನುವಾರ ಬೆಳಿಗ್ಗೆ ಇಳಿಯುತ್ತೇನೆ. ಸ್ಟೇಷನ್ನಿಗೆ ಯಾರೂ ಬರಬೇಕಿಲ್ಲ. ಬೇಕರಿಯ ಎದುರು ಎಂದು ಕೇಳಿಕೊಂಡು ಬರುತ್ತೇನೆ. ಸೋಮವಾರ ಆಸ್ಪತ್ರೆಯಲ್ಲಿ ನಿನ್ನ ಪಕ್ಕದಲ್ಲಿರುತ್ತೇನೆ. ಬೇಕರಿಯವರಿಗೆ ಹೇಳು, ಹೇಳಿದ್ದನ್ನು ಹೇಳಿದ ಹಾಗೇ ಬರೆದದ್ದಕ್ಕೆ ನಾನು ಅವರಿಗೆ ಋಣಿ.

ಪುಟ್ಟ


ಮೇ 26

ಪುಟ್ಟಾ,

ಬರೆದುಕೋ. ಮೊದಲು ತಾರೀಕು. ಆಮೇಲೆ ‘ಪುಟ್ಟಾ’ ಅಂತ. ಪಕ್ಕದಲ್ಲೇ ಕೂತಿರುವವನಿಗೆ ಪತ್ರವೇಕೆ ಎಂದು ವಾದ ಮಾಡಬೇಡ. ಎದುರಿಗೆ ಕೂತು ಹೇಳಲಾಗದ್ದನ್ನು ಹೇಳುವುದಕ್ಕೇ ಪತ್ರ ಇರುವುದು. ಬೇಕರಿಯವಳಿಗೆ ಇವತ್ತು ಒಲೆಯ ಕೆಲಸ ಜಾಸ್ತಿ, ಆದ್ದರಿಂದ ನಿನ್ನ ಕೈಯೇ ಗತಿ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಆಣೆ ಹಾಕು.

(ಹಾಕಿದ್ದೇನೆ.)

ನಿನ್ನೆ ಡಾಕ್ಟರು ಪಟ್ಟಿ ಬಿಚ್ಚಿದಾಗ ನೀನು ಹೊರಗೆ ಕಾಯುತ್ತಿದ್ದೆ. ಒಳಗೆ ನನಗೆ ಕಂಡದ್ದು ಇಷ್ಟು. ಕಿಟಕಿ ಒಂದು ಬಿಳಿ ಚೌಕ. ಡಾಕ್ಟರು ಒಂದು ಕಪ್ಪು ಕಂಬ. ಇಷ್ಟು ಉಳಿದದ್ದೇ ದೊಡ್ಡದು, ಇದಕ್ಕಿಂತ ಹೆಚ್ಚು ಬರುವುದಿಲ್ಲ ಅಂದರು. ನಿನ್ನ ಹತ್ತಿರ ಬಂದು ‘ಪರವಾಗಿಲ್ಲ, ಕಾಣುತ್ತದೆ’ ಅಂದೆ. ಸುಳ್ಳು. ನಿನ್ನ ಮುಖ ಕಾಣಲಿಲ್ಲ ಕಣೋ. ಎತ್ತರ ಕಂಡಿತು, ಕೈಯಲ್ಲಿ ಹಿಡಿದ ಕೋಟು ಕಂಡಿತು. ಮುಖದ ಜಾಗದಲ್ಲಿ ಏನೂ ಇರಲಿಲ್ಲ. ದಾರಿಯುದ್ದಕ್ಕೂ ನಿನ್ನ ಮುಖ ನೆನಪು ಮಾಡಿಕೊಂಡೆ. ಬಂದದ್ದು ಮೇಜಿನ ಆಚೆ ತಪ್ಪು ಹೇಳಿ ನನ್ನ ಕಡೆ ನೋಡುತ್ತಿದ್ದ ಹುಡುಗನ ಮುಖ. ಅದೇ ಇರಲಿ ಬಿಡು, ಈಗಿನದ್ದಕ್ಕಿಂತ ಚೆನ್ನಾಗಿತ್ತು.

ಏನು, ಮೂಗು ಏರಿಸುತ್ತಿದ್ದೀಯ? ನೆಗಡಿಯಾ?

(ನೆಗಡಿ ಅಲ್ಲ.)

ಹೊಲಿಗೆ ಮುಗಿಯಿತು. ಯಂತ್ರವನ್ನು ಯಾರಿಗಾದರೂ ಕೊಡೋಣ. ಬೆರಳಿಗೆ ಅಭ್ಯಾಸವಿದೆ, ಕುರುಡಾಗಿಯೂ ನೇರ ಹೊಲಿಗೆ ಹಾಕಬಲ್ಲೆ ಎಂದು ಬೇಕರಿಯವಳ ಹತ್ತಿರ ಜಂಭ ಕೊಚ್ಚಿದ್ದೆ. ಬೆಳಿಗ್ಗೆ ನೀನು ಹಾಲು ತರಲು ಹೋದಾಗ ಪ್ರಯತ್ನಿಸಿದೆ. ಬೆರಳನ್ನೇ ಚುಚ್ಚಿಕೊಂಡೆ. ನೋವಾದದ್ದಕ್ಕಲ್ಲ, ಬಟ್ಟೆಯ ಅಂಚು ಎಲ್ಲಿ ಮುಗಿಯಿತು ಎಂದು ಗೊತ್ತಾಗಲಿಲ್ಲವಲ್ಲ ಎಂದು ಅತ್ತೆ. ನೀನು ಬರುವಷ್ಟರಲ್ಲಿ ಮುಖ ತೊಳೆದುಕೊಂಡಿದ್ದೆ.

ನಿನಗೆ ಗುರುವಾರ ರೈಲಿಗೆ ಟಿಕೆಟ್ಟಿದೆ. ಜೇಬಿನಿಂದ ತೆಗೆದು ನೋಡುತ್ತೀಯ, ಮತ್ತೆ ಇಡುತ್ತೀಯ. ಆ ಕಾಗದದ ಸದ್ದು ನನಗೆ ಕೇಳುತ್ತದೆ. ನಿನ್ನ ಕೋಣೆ, ನಿನ್ನ ಪುಸ್ತಕ, ನಿನ್ನ ಅಂಚೆಯವನು ಎಲ್ಲ ಅಲ್ಲಿದ್ದಾರೆ. ಇಲ್ಲಿ ಏನಿದೆ? ಬೇಕರಿಯ ಹೊಗೆ, ಬಸ್ಸಿನ ಗಲಾಟೆ, ತಲೆ ತಿನ್ನುವ ಅಕ್ಕ. ಹೋಗು ಎಂದು ಹೇಳಲು ಎರಡು ದಿನದಿಂದ ಬಾಯಿ ತೆರೆಯುತ್ತಿದ್ದೇನೆ. ಬರುತ್ತಿಲ್ಲ.

ಈಗ ಹೇಳುವುದನ್ನು ದೊಡ್ಡದಾಗಿ ಬರೆ.

ಹೋಗಬೇಡ ಪುಟ್ಟಾ. ನನಗೆ ಭಯ. ಕತ್ತಲೆಗೆ ಅಲ್ಲ, ಅದು ಅಭ್ಯಾಸವಾಗುತ್ತದೆ. ಸಂಜೆ ಈ ಕೋಣೆಯಲ್ಲಿ ಇನ್ನೊಬ್ಬರು ಇಲ್ಲ ಎನ್ನುವುದಕ್ಕೆ ಭಯ. ನೀನಿಲ್ಲಿಯೇ ಇರು. ಮೇಲಿನ ಕೋಣೆ ಖಾಲಿಯಿದೆ, ಬಿಸಿಲು ಬರುತ್ತದೆ. ಪುಸ್ತಕಗಳನ್ನು ತರಿಸಿಕೋ. ಬಹುವಚನದ ಪಾಠ ಇನ್ನೂ ಬಾಕಿ ಇದೆ, ಮೇಷ್ಟ್ರು ಅರ್ಧಕ್ಕೆ ಬಿಟ್ಟು ಹೋಗುವ ಹಾಗಿಲ್ಲ. ಅಪ್ಪ ನಿನ್ನನ್ನು ಹಾಸ್ಟೆಲಿಗೆ ಕಳಿಸಿದ ದಿನ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಕಳಿಸಬೇಡಿ ಅನ್ನುತ್ತಿದ್ದೆ. ಆಗ ಹೇಳಬೇಕಾಗಿದ್ದದ್ದನ್ನು ಈಗ ಹೇಳುತ್ತಿದ್ದೇನೆ.

ಬರೆದೆಯಾ?

(ಬರೆದೆ.)

ಇಷ್ಟೇ. ‘ಅಕ್ಕ’ ಅಂತ ಹಾಕು. ಮಡಚಿ ಲಕೋಟೆಗೆ ಹಾಕು. ಈಗ ಅದರ ಮೇಲೆ ನಿನ್ನ ವಿಳಾಸ ಬರೆ. ನಾನೇನೂ ಹೇಳಿಕೊಡುವುದಿಲ್ಲ, ನಿನ್ನ ವಿಳಾಸ ನಿನಗೆ ಗೊತ್ತು. ನೀನು ಏನು ಬರೆದರೂ ನನಗೆ ಕಾಣುವುದಿಲ್ಲ. ಗಟ್ಟಿಯಾಗಿ ಓದಿ ಹೇಳು.

ಅಕ್ಕ


ಲಕೋಟೆಯ ಮೇಲೆ

ಪುಟ್ಟ, ಮೇಲಿನ ಕೋಣೆ, ಅಕ್ಕನ ಮನೆ, ಬೇಕರಿಯ ಎದುರು